ಲೋಹ ಬಾಗಿದರೆ ಶೂನ್ಯದ ಶಕ್ತಿ ಎಷ್ಟು?

[ದೃಶ್ಯ: ಭಾಗಮಂಡಲದ ಕಡೆಯ ಮೆಟ್ಟಿಲು ಗದ್ದೆಗಳು. ನಿರೂಪಕಿ ಬದುವಿನ ಮೇಲೆ.]

ನಿರೂಪಕಿ: ಕೊಡಗಿನಿಂದ ಎಲ್ಲರಿಗೂ ನಮಸ್ಕಾರ. ಎರಡು ಲೋಹದ ತಟ್ಟೆಗಳನ್ನ ನಿರ್ವಾತದಲ್ಲಿ ಎದುರುಬದುರು ಇಟ್ಟರೆ, ವಿದ್ಯುದಾವೇಶವೇ ಇಲ್ಲದೆ ಒಂದನ್ನೊಂದು ಎಳೆಯುತ್ತವೆ. ಖಾಲಿ ಜಾಗದಲ್ಲೂ ವಿದ್ಯುತ್ಕಾಂತ ಕ್ಷೇತ್ರ ತೆಪ್ಪಗಿರಲ್ಲ, ಅದರಲ್ಲಿ ಅಲೆಗಳು ಏಳುತ್ತಲೇ ಇರುತ್ತವೆ; ಶೂನ್ಯದ ಶಕ್ತಿ ಅಂದ್ರೆ ಇವುಗಳ ಶಕ್ತಿ. ತಟ್ಟೆಗಳ ನಡುವಿನ ಸಂದಿಯಲ್ಲಿ ಎಲ್ಲ ಅಲೆಗಳಿಗೂ ಜಾಗ ಸಾಲಲ್ಲ, ಹೊರಗೆ ಆ ತಡೆ ಇಲ್ಲ; ಈ ವ್ಯತ್ಯಾಸವೇ ತಟ್ಟೆಗಳನ್ನ ಹತ್ತಿರ ತರುತ್ತೆ. 1948ರಲ್ಲಿ ಡಚ್ ಭೌತವಿಜ್ಞಾನಿ ಹೆಂಡ್ರಿಕ್ ಕ್ಯಾಸಿಮಿರ್ ಹಾಕಿದ ಲೆಕ್ಕ ಇದು. ಅಂತರ 1 ಮೈಕ್ರೋಮೀಟರ್ ಆದರೆ ಒತ್ತಡ 1.3 ಮಿಲಿಪಾಸ್ಕಲ್. ಅಂತರ ಅರ್ಧಕ್ಕಿಳಿಸಿದರೆ 16 ಪಟ್ಟು! ಮಳೆಗಾಲದಲ್ಲಿ ಕರೆಂಟ್ ಹೋದಾಗ ಇದರಿಂದ ಬಲ್ಬ್ ಉರಿಸಬಹುದಾ ಅಂತ ಮಾತ್ರ ಕೇಳಬೇಡಿ. ಆಗಲ್ಲ.

ಲೋಹ ಬಾಗಿತು ಅಂದ್ರೆ ಲೆಕ್ಕ ಕೆಡುತ್ತೆ.

[ಗದ್ದೆಗಳ ಹತ್ತಿರದ ಶಾಟ್]

ಇಲ್ನೋಡಿ. ಗುಡ್ಡ ಬಾಗಿದೆ, ಒಂದೊಂದು ಗದ್ದೆ ಮಾತ್ರ ಸಮತಟ್ಟು. ವಿಜ್ಞಾನಿ ಡೆರ್ಯಾಗಿನ್ 1934ರಲ್ಲಿ ಕೊಟ್ಟ ಉಪಾಯವೂ ಹೀಗೇ: ಬಾಗಿದ ಮೈಯನ್ನ ಸಣ್ಣ ಸಪಾಟು ತುಂಡುಗಳಾಗಿ ಒಡೆದು, ಪ್ರತಿ ತುಂಡಿಗೂ ತಟ್ಟೆಯ ಸೂತ್ರ ಹಾಕಿ ಕೂಡಿಸೋದು. ತಟ್ಟೆಗಳನ್ನ ಅಷ್ಟು ಹತ್ತಿರ ಸಮಾನಾಂತರವಾಗಿ ನಿಲ್ಲಿಸೋದು ದೊಡ್ಡ ಗೋಳು, ಅದಕ್ಕೇ 1998ರಲ್ಲಿ ಈ ಬಲವನ್ನ ಅಳೆಯೋಕೆ ಮೊಹಿದೀನ್ ಮತ್ತು ರಾಯ್ ಒಂದು ತಟ್ಟೆಯ ಬದಲು ಲೋಹ ಲೇಪಿಸಿದ ಗೋಲಿ ಬಳಸಿದರು. ಗೋಲಿಯ ತ್ರಿಜ್ಯ ಸುಮಾರು 100 ಮೈಕ್ರೋಮೀಟರ್, ಅತಿ ಕಡಿಮೆ ಅಂತರ ಸುಮಾರು 0.1. ಅಂತರ ತ್ರಿಜ್ಯದ ಸಾವಿರದಲ್ಲೊಂದು ಭಾಗ ಇರೋದರಿಂದ ಉಪಾಯ ಸಲೀಸಾಗಿ ನಡೆಯುತ್ತೆ.

[ಗ್ರಾಫಿಕ್: ಟೊಳ್ಳು ಗೋಳ]

ಈಗ ಟೊಳ್ಳು ಗೋಳದ ಒಳಗೆ ಬನ್ನಿ. ಎದುರಿನ ಗೋಡೆ ಎಷ್ಟು ದೂರ? ತ್ರಿಜ್ಯದ ಎರಡರಷ್ಟು! ಚಿಕ್ಕದು ಅನ್ನೋಕೆ ಯಾವ ಅಳತೆಯೂ ಉಳಿದಿಲ್ಲ, ಉಪಾಯ ಇಲ್ಲಿ ಕೈಕೊಡುತ್ತೆ. ಕ್ಯಾಸಿಮಿರ್‌ಗೇ ಇದು ತಿರುಗೇಟು ಕೊಟ್ಟಿತ್ತು. ಗೋಳ ಒಳಕ್ಕೆ ಕುಗ್ಗುತ್ತೆ, ಆ ಎಳೆತ ಎಲೆಕ್ಟ್ರಾನ್‌ನ ಆವೇಶವನ್ನ ಹಿಡಿದಿಡುತ್ತೆ ಅಂತ 1953ರಲ್ಲಿ ಅವರು ಊಹಿಸಿದ್ದರು. 1968ರಲ್ಲಿ ಭೌತವಿಜ್ಞಾನಿ ಬೋಯರ್ ಲೆಕ್ಕ ಮುಗಿಸಿದಾಗ ಚಿಹ್ನೆಯೇ ತಿರುಗುಮುರುಗು: ಶಕ್ತಿ ಧನಾತ್ಮಕ, ಬಲ ಹೊರಕ್ಕೆ.

[ಸ್ಕ್ರೀನ್ ಮೇಲೆ: ಶಕ್ತಿ = 0.0462 × ಹ್ರಸ್ವ ಪ್ಲಾಂಕ್ ಸ್ಥಿರಾಂಕ (ಪ್ಲಾಂಕ್ ಸ್ಥಿರಾಂಕ ÷ 2π) × ಬೆಳಕಿನ ವೇಗ ÷ ತ್ರಿಜ್ಯ]

ಹಾಗಾದ್ರೆ ಅಂದಾಜೇ ಬೇಡವಾ? ಬೇಕು, ಗೋಡೆಯ ಬಾಗು ಉಳಿಸಿಕೊಂಡ ಅಂದಾಜು. ಗೋಳದೊಳಗಿನ ಅಲೆಗಳನ್ನ ಬೆಸೆಲ್ ಫಂಕ್ಷನ್ ಅನ್ನೋ ಗಣಿತದ ಸೂತ್ರಗಳಲ್ಲಿ ಬರೀತಾರೆ. ಕೋನೀಯ ಸಂವೇಗ, ಅಂದ್ರೆ ಸುತ್ತುವ ಚಲನೆಯ ಅಳತೆ, ಜಾಸ್ತಿ ಇರುವ ಅಲೆಗಳಿಗೆ ಈ ಸೂತ್ರಗಳ ಸರಳ ರೂಪ ಒಂದಿದೆ. 1978ರಲ್ಲಿ ಮಿಲ್ಟನ್, ಡಿರಾಡ್, ಶ್ವಿಂಗರ್ ಅದನ್ನ ಹಾಕಿ ನೋಡಿದಾಗ ಅಂದಾಜಿನ ಮೊದಲ ಪದದಲ್ಲೇ 0.0462ರ ಜಾಗದಲ್ಲಿ ಸಿಕ್ಕಿದ್ದು 3/64, ಅಂದ್ರೆ 0.0469. ಚಿಹ್ನೆ ಸರಿ, ತಪ್ಪು ಶೇಕಡಾ ಒಂದೂವರೆ. ನನಗಂತೂ ಈ ಇಡೀ ವಿಷಯದಲ್ಲಿ ತುಂಬಾ ಹಿಡಿಸಿದ ಲೆಕ್ಕ ಇದೇ.

ಉದ್ದನೆಯ ಟೊಳ್ಳು ಸಿಲಿಂಡರ್‌ಗೂ ಬಲ ಹೊರಕ್ಕೇ ಅಂದ್ಕೊಂಡ್ರಾ? 1981ರಲ್ಲಿ ಡಿರಾಡ್ ಮತ್ತು ಮಿಲ್ಟನ್‌ಗೆ ಸಿಕ್ಕ ಉತ್ತರ: ಒಳಕ್ಕೆ. ಅದರ ಲೆಕ್ಕ ಮುಂದಿನ ವಿಡಿಯೋದಲ್ಲಿ.