ಬೈಲಕುಪ್ಪೆಯ ಜೋಳ, ಚಿಕ್ಕಮ್ಮನ ಸಂಘ

ಕೇಳುಗರಿಗೆ ನಮಸ್ಕಾರ.

ನಾವು ಚಿಕ್ಕವರಿದ್ದಾಗ ಮೈಸೂರಿನಲ್ಲಿ ಚಳಿ ಶುರುವಾಯಿತೆಂದರೆ ರಸ್ತೆ ಬದಿಯಲ್ಲಿ ಟಿಬೆಟಿನವರ ಸ್ವೆಟರ್ ಅಂಗಡಿಗಳು. ಅಮ್ಮ ಚೌಕಾಸಿ ಮಾಡದೆ ಕೊಳ್ಳುತ್ತಿರಲಿಲ್ಲ. ಅವನ್ನೆಲ್ಲ ಅವರೇ ಕೂತು ಹೆಣೆಯುತ್ತಾರೆ ಅಂದುಕೊಂಡಿದ್ದೆ. ಜಾಸ್ತಿ ಮಾಲು ಲೂಧಿಯಾನದ ಕಾರ್ಖಾನೆಯದು ಅಂತ ಆಮೇಲೆ ಗೊತ್ತಾಯಿತು!

ಈ ಟಿಬೆಟಿನವರು ನಮ್ಮಲ್ಲಿ ನೆಲೆಸಿ ಬೇಸಾಯ ಮಾಡುತ್ತಿದ್ದವರು. ಬೇಸಾಯದವರು ಸ್ವೆಟರ್ ಯಾಕೆ ಮಾರಬೇಕಿತ್ತು? 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು. ಹಿಂದೆಯೇ ಸಾವಿರಾರು ಜನ ಬಂದರು. ಮೈಸೂರು ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಕೊಟ್ಟಿದ್ದು ಉತ್ತ ಹೊಲವಲ್ಲ, ಕಾಡು. ಗುಡಾರದಲ್ಲಿದ್ದುಕೊಂಡು ಮರ ಕಡಿದು ಹೊಲ ಮಾಡಬೇಕಿತ್ತು. ಹಿಮದ ನಾಡಿನವರಿಗೆ ನಮ್ಮ ಬಿಸಿಲು, ಜೊತೆಗೆ ಆನೆ ಕಾಟ. ಕೊನೆಗೆ ಮುಸುಕಿನ ಜೋಳ ಕೈ ಹಿಡಿಯಿತು. ಆದರೆ ಮಳೆ ನಂಬಿದ ಬೆಳೆ ಅಲ್ವಾ, ಕೊಯ್ಲು ಮುಗಿದರೆ ಕೈ ಖಾಲಿ. ಆ ಖಾಲಿ ತಿಂಗಳುಗಳಿಗೇ ಸ್ವೆಟರ್ ವ್ಯಾಪಾರ. ಸಾಲಕ್ಕೆ, ಗೊಬ್ಬರಕ್ಕೆ, ಟ್ರಾಕ್ಟರಿಗೆ ಅವರದೇ ಸಹಕಾರ ಸಂಘ.

ಸುತ್ತಲಿನ ಹಳ್ಳಿಗಳಿಂದ ನಮ್ಮವರು ಆ ಹೊಲಗಳಿಗೆ ಕೂಲಿಗೆ ಹೋದರು. ಬಂದವರಿಗೆ ಜಮೀನು ಸಿಕ್ಕಿತು, ಪಕ್ಕದೂರಿನ ಜಮೀನಿಲ್ಲದವನಿಗೆ ಏನು? ಆ ಪ್ರಶ್ನೆಯನ್ನು ಹೊಟ್ಟೆಕಿಚ್ಚು ಅಂತ ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ.

ಈ ಕಥೆಗೆ ಇನ್ನೊಂದು ಕವಲಿದೆ. ಟಿಬೆಟಿನವರ ಪುನರ್ವಸತಿಗೆ ನೆರವಾಗಲೆಂದೇ 1968ರಲ್ಲಿ ಮೈರಾಡ ಎಂಬ ಸಂಸ್ಥೆ ಹುಟ್ಟಿತು. ಹೆಸರಿನ ಮೊದಲ ಅಕ್ಷರವೇ ಮೈಸೂರಿನದು. ಆ ಕೆಲಸ ಮುಗಿಯುತ್ತಾ ಬಂದಂತೆ ಅದು ನಮ್ಮ ಹಳ್ಳಿಗಳ ಬಡವರ ಕಡೆ ತಿರುಗಿತು. ಮೊದಲು ದೊಡ್ಡ ಸಹಕಾರ ಸಂಘಗಳನ್ನು ಕಟ್ಟಿಸಿತು. 1980ರ ದಶಕದ ನಡುವೆ ಅವು ಒಡೆಯತೊಡಗಿದವು. ಸಂಘ ನಡೆಸುವವರ ಮೇಲೆ ಜನಕ್ಕೆ ನಂಬಿಕೆ ಇರಲಿಲ್ಲ. ಆದರೆ ಸದಸ್ಯರು ಸಾಲ ನುಂಗಿ ಕೂರಲಿಲ್ಲ. ಒಬ್ಬರನ್ನೊಬ್ಬರು ಬಲ್ಲವರು ಚಿಕ್ಕ ಚಿಕ್ಕ ಗುಂಪಾಗಿ ಬಂದರು. ದುಡ್ಡು ಕಟ್ಟುತ್ತೇವೆ, ಆದರೆ ಆ ಸಂಘಕ್ಕಲ್ಲ, ನಮ್ಮ ಗುಂಪಿಗೆ ಅಂದರು. ನಮ್ಮ ಸ್ವಸಹಾಯ ಸಂಘಗಳ ಒಂದು ಮುಖ್ಯ ಬೇರು ಇದೇ. ಇಂಥ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗವನ್ನು ನಬಾರ್ಡ್, ಅಂದರೆ ಕೃಷಿ ಮತ್ತು ಹಳ್ಳಿಗಳ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕು, 1992ರಲ್ಲಿ ಶುರುಮಾಡಿತು.

ಯುದ್ಧ, ಗಲಭೆ ಕಂಡ ಊರುಗಳಿಗೆ ಹೊಲಿಗೆ ಯಂತ್ರ, ಹಸು ಹಂಚುವ ಯೋಜನೆಗಳನ್ನು ಕೇಳಿದಾಗೆಲ್ಲ ನನಗೆ ಇದು ನೆನಪಾಗುತ್ತದೆ. ಹಸು ಕೊಡುವುದು ಸುಲಭ. ಹಾಲಿನ ದುಡ್ಡಿನ ಲೆಕ್ಕ ಯಾರ ಕೈಲಿರಬೇಕು ಅನ್ನುವುದು ಕಷ್ಟ.

ಮಂಡ್ಯದ ಕಡೆ ನಮ್ಮ ಚಿಕ್ಕಮ್ಮನ ಸಂಘ ವಾರಕ್ಕೊಮ್ಮೆ ಸೇರುತ್ತದೆ. ಹೋದ ಸಲ ಸುಮ್ನೆ ಕೂತವಳು ಅವರಿಗೆ ಈ ಟಿಬೆಟಿನ ಕಥೆ ಹೇಳಿದೆ. ಚಿಕ್ಕಮ್ಮ ಪುಸ್ತಕ ನನ್ನ ಕಡೆ ತಳ್ಳಿದರು. “ಅದಿರ್ಲಿ ಕಣವ್ವ, ಈ ಕಂತು ಒಂದ್ಸಲ ಕೂಡು. ಹತ್ತು ರೂಪಾಯಿ ಯಾಕೋ ಕಮ್ಮಿ ಬತ್ತಾ ಅದೆ.”