ಸಿವ್ 5 ಮತ್ತು ಸಿವ್ 6: ಡ್ಯಾಂ ಕಟ್ಟಬೇಕಿದ್ದ ಜಾಗದಲ್ಲಿ ಕ್ಯಾಂಪಸ್ ಕಟ್ಟಿಬಿಟ್ಟೆ

ನಮಸ್ಕಾರ ಎಲ್ಲರಿಗೂ. ಹಿಂದೆ ಕೇಳುತ್ತಿರುವ ಸದ್ದು ಮಳೆಯದು, ಮೈಕ್ ತೊಂದರೆ ಅಲ್ಲ. ಸಾಗರದ ಹತ್ತಿರ ನಮ್ಮ ಮನೆ, ಮೇಲೆ ಹಂಚು. ಮೂರು ದಿನದಿಂದ ಬಿಟ್ಟೂಬಿಡದೆ ಹೊಡೆಯುತ್ತಿದೆ. ಅಡಿಕೆ ತೋಟಕ್ಕೆ ಎರಡನೇ ಸಲ ಕೊಳೆರೋಗದ ಔಷಧಿ ಹೊಡೆಸಬೇಕಿತ್ತು. ಮಳೆ ಬಿಟ್ಟು ಹೊಳವಾಗದೆ ಆಗುವ ಕೆಲಸ ಅಲ್ಲ ಅದು. ಹಾಗಾಗಿ ಇವತ್ತು ಆಟ.

ಎಡಗಡೆ ಇರುವುದು ಸಿವಿಲೈಸೇಷನ್ 5, 2010ರದ್ದು. ಬಲಗಡೆ ಸಿವಿಲೈಸೇಷನ್ 6, 2016ರದ್ದು. ಎರಡೂ ಟರ್ನ್ ಮೇಲೆ, ಅಂದರೆ ಸರದಿ ಮೇಲೆ, ಊರು ಕಟ್ಟಿ ದೇಶ ಬೆಳೆಸುವ ಕಂಪ್ಯೂಟರ್ ಆಟ. 6ಕ್ಕೆ 2019ರಲ್ಲಿ ಬಂದ ಗ್ಯಾದರಿಂಗ್ ಸ್ಟಾರ್ಮ್ ಅನ್ನುವ ಹೆಚ್ಚುವರಿ ಭಾಗ ಸೇರಿಸಿಕೊಂಡಿದ್ದೇನೆ. ಎರಡರಲ್ಲೂ ಗಾಂಧೀಜಿಯ ಭಾರತ. ಶುರುವಿನ ಟರ್ನ್‌ಗಳನ್ನು ಓಡಿಸಿದ್ದೇನೆ, ನೋಡುತ್ತಿರಿ.

ಚಂದ ಯಾವುದು ಅಂದರೆ 5. ಅದರ ಬೆಟ್ಟ ಬೆಟ್ಟದ ಹಾಗೇ ಇದೆ. 6ರ ಬಣ್ಣ ಮಕ್ಕಳ ಪುಸ್ತಕದ ಹಾಗಾಯಿತು. ಆದರೆ ಈ ಮೂಲೆ ನೋಡಿ. ಇನ್ನೂ ಕಾಣದ ಜಾಗ 5ರಲ್ಲಿ ಮೋಡದ ಕೆಳಗೆ ಇರುತ್ತದೆ. 6ರಲ್ಲಿ ಅದೆಲ್ಲ ಹಳೇ ಕಾಗದದ ನಕ್ಷೆ. ನಮ್ಮವರು ಕಾಲಿಟ್ಟಲ್ಲಿ ಮಾತ್ರ ಬಣ್ಣ ಬರುತ್ತದೆ. ಇದು ನನಗೆ ತುಂಬ ಇಷ್ಟ. ಸರಿ, ಚಂದದಲ್ಲಿ ಎರಡೂ ಸಮ.

ಈಗ ಕೆಲಸದವರು. 5ರ ವರ್ಕರ್ ಮನೆ ಆಳಿನ ಹಾಗೆ. ಒಮ್ಮೆ ಬಂದರೆ ಆಟ ಮುಗಿಯುವವರೆಗೂ ಇರುತ್ತಾನೆ, ನಿಧಾನಕ್ಕೆ ಕೆಲಸ ಮಾಡುತ್ತಾನೆ. ನೀನೇ ನೋಡಿಕೋ ಅಂತ ಬಿಡಲೂಬಹುದು. 6ರ ಬಿಲ್ಡರ್ ಅಡಿಕೆ ಕೊನೆ ಕೊಯ್ಯಲು ಬರುವ ನಮ್ಮ ಕೊನೆಗೌಡನ ಹಾಗೆ. ಬರುತ್ತಾನೆ, ಕೈ ಹಾಕಿದ ಕೆಲಸ ಅದೇ ಟರ್ನ್‌ನಲ್ಲಿ ಮುಗಿಸುತ್ತಾನೆ, ಮೂರು ಕೆಲಸ ಆದ ಮೇಲೆ ಹೊರಡುತ್ತಾನೆ. ಮೊದಲು ಇದು ನನಗೆ ಸಿಟ್ಟು ತರಿಸಿತ್ತು. ಕೊನೆಗೌಡ ಬರುವ ದಿನ ನಾವು ಹೇಗೆ ಎಲ್ಲ ಮೊದಲೇ ಹೊಂದಿಸಿ ಇಟ್ಟುಕೊಳ್ಳುತ್ತೇವೆ, ಇಲ್ಲೂ ಹಾಗೇ ಆಡಬೇಕು ಅಂತ ಆಮೇಲೆ ಗೊತ್ತಾಯಿತು.

ನಿಜವಾದ ವ್ಯತ್ಯಾಸ ಇಲ್ಲಿದೆ, ಸ್ವಲ್ಪ ಹತ್ತಿರ ಮಾಡುತ್ತೇನೆ. 5ರಲ್ಲಿ ಲೈಬ್ರರಿ, ಮಾರ್ಕೆಟ್, ದೇವಸ್ಥಾನ ಎಲ್ಲ ಊರಿನ ಒಂದೇ ಟೈಲ್, ಅಂದರೆ ಮ್ಯಾಪಿನ ಒಂದೇ ತುಂಡು ನೆಲದ ಒಳಗೆ. ವೀಕ್ಷಣಾಲಯಕ್ಕೆ ಊರ ಪಕ್ಕ ಬೆಟ್ಟ ಬೇಕು, ಅಂಥ ಕೆಲವು ಬಿಟ್ಟರೆ ಕಟ್ಟಡಕ್ಕೆ ಅಕ್ಕಪಕ್ಕದ ನೆಲದ ಹಂಗಿಲ್ಲ. 6ರಲ್ಲಿ ಊರು ನೆಲದ ಮೇಲೆ ಹರಡುತ್ತದೆ. ಕ್ಯಾಂಪಸ್‌ಗೆ ಒಂದು ಟೈಲ್, ವ್ಯಾಪಾರಕ್ಕೆ ಒಂದು ಟೈಲ್. ಇಂಥ ಬಡಾವಣೆಗೆ ಡಿಸ್ಟ್ರಿಕ್ಟ್ ಅಂತ ಹೆಸರು. ಕ್ಯಾಂಪಸ್ ಪಕ್ಕ ಬೆಟ್ಟ ಇದ್ದರೆ ಒಂದೊಂದು ಬೆಟ್ಟಕ್ಕೆ ಒಂದು ವಿಜ್ಞಾನದ ಅಂಕ ಜಾಸ್ತಿ. ಮಳೆಕಾಡು ಎರಡು ಟೈಲ್ ಇದ್ದರೆ ಇನ್ನೊಂದು. ವ್ಯಾಪಾರಕ್ಕೆ ಹೊಳೆ ಪಕ್ಕ ಇದ್ದರೆ ಲಾಭ.

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ತೋಟ ಕಣಿವೆಯಲ್ಲಿ, ಮನೆ ಅದರ ಮೇಲೆ, ಅದಕ್ಕೂ ಮೇಲೆ ಸೊಪ್ಪಿನಬೆಟ್ಟ. ಬೆಟ್ಟದ ಸೊಪ್ಪು, ಒಣಗಿ ಬಿದ್ದ ದರಕು ಇಲ್ಲದಿದ್ದರೆ ತೋಟಕ್ಕೆ ಗೊಬ್ಬರ ಎಲ್ಲಿಂದ? ಒಂದು ಎಕರೆ ತೋಟ ಅಂದಾಗ ಅದರ ಪಕ್ಕ ಏನಿದೆ ಅಂತಲೂ ಕೇಳಬೇಕು. 6ರಲ್ಲಿ ಕಾಡು ಕಡಿದರೆ ಆ ಕ್ಷಣಕ್ಕೆ ಕೈತುಂಬ ಸಿಗುತ್ತದೆ, ಪಕ್ಕದ ಡಿಸ್ಟ್ರಿಕ್ಟ್‌ನ ಲಾಭ ಹೋಗುತ್ತದೆ. ನಾನು ಕಡಿಯುವುದಿಲ್ಲ. ಕಡಿದೇ ಗೆಲ್ಲುವವರು ಇದ್ದಾರೆ, ಅವರ ಆಟ ಅವರಿಗೆ.

ಆ, ಇಲ್ಲಿ ನಿಲ್ಲಿಸುತ್ತೇನೆ. ಈ ಟೈಲ್ ನೋಡಿ. ಎರಡು ಸಂಜೆ ಹಾಳಾಗಿದ್ದು ಇದರಿಂದ.

ನನ್ನ ಎರಡನೇ ಊರು ಹೊಳೆ ದಡದಲ್ಲಿದೆ. ಕೆಳಗಿನ ಬಯಲಲ್ಲಿ ಒಳ್ಳೆಯ ಬೆಳೆ. ಬಯಲಿನ ಈ ತಿರುವಿಗೆ ತಾಗಿ ಎರಡು ಬೆಟ್ಟ. ಎರಡು ವಿಜ್ಞಾನ ಸಿಗುತ್ತದೆ ಅಂತ ಕ್ಯಾಂಪಸ್ ಅಲ್ಲೇ ಕಟ್ಟಿದೆ. ನಾಲ್ಕಾರು ಟರ್ನ್ ಕಳೆದಿತ್ತು, ನೆರೆ ಬಂತು. ಕ್ಯಾಂಪಸ್ ಹಾಳು, ಎರಡು ಹೊಲ ಹಾಳು, ಊರಿನ ಜನಸಂಖ್ಯೆಯಲ್ಲಿ ಒಂದು ಕಡಿಮೆ. 5ರಲ್ಲಿ ಎಷ್ಟೋ ವರ್ಷ ಆಡಿದ್ದೇನೆ, ಹೊಳೆ ಒಂದು ದಿನವೂ ಏರಿದ್ದಿಲ್ಲ. ಆದರೆ ನೀರು ಇಳಿದ ಮೇಲೆ ಹೊಲ ನೋಡಿದರೆ ಒಂದು ಆಹಾರ ಜಾಸ್ತಿ! ಗೋಡುಮಣ್ಣು ಬಿಟ್ಟು ಹೋಗಿತ್ತು ಹೊಳೆ. ಇದನ್ನು ಯೋಚಿಸಿ ಆಟಕ್ಕೆ ಸೇರಿಸಿದವರ ಮೇಲೆ ನನಗೆ ಪ್ರೀತಿ ಬಂತು.

ಮತ್ತೆ ನೆರೆ ಬರಬಾರದು ಅಂದರೆ ಡ್ಯಾಂ ಬೇಕು. ಅದಕ್ಕೆ ಬೇಕಾದ ವಿದ್ಯೆ ಕಲಿತೆ, ಕಟ್ಟಲು ಹೋದೆ, ಎಲ್ಲೂ ಜಾಗ ತೋರಿಸುತ್ತಿಲ್ಲ. ಮ್ಯಾಪ್ ಪೂರ್ತಿ ತಿರುಗಿಸಿದೆ. ನಿಯಮ ಏನೆಂದರೆ, ಡ್ಯಾಂ ನೆರೆಬಯಲಿನ ಟೈಲ್ ಮೇಲೇ ಆಗಬೇಕು, ಆ ಟೈಲ್‌ನ ಎರಡು ಬದಿಯಲ್ಲಾದರೂ ಹೊಳೆ ಹರಿಯಬೇಕು. ನನ್ನ ಊರಿಗೆ ಅಂಥ ಜಾಗ ಇದ್ದದ್ದು ಒಂದೇ. ಅಲ್ಲಿ ನನ್ನ ಕ್ಯಾಂಪಸ್ ಕೂತಿದೆ. ಒಮ್ಮೆ ಕಟ್ಟಿ ಮುಗಿಸಿದ ಡಿಸ್ಟ್ರಿಕ್ಟ್ ಕೆಡವಲು ಈ ಆಟದಲ್ಲಿ ದಾರಿಯೇ ಇಲ್ಲ. ಮೊಹೆಂಜೊದಾರೊದ ದೊಡ್ಡ ಸ್ನಾನದ ಕೊಳವನ್ನು ಕಟ್ಟಿದ್ದರೂ ನೆರೆ ತಡೆಯುತ್ತಿತ್ತು, ಆದರೆ ಅದನ್ನು ಆಟದಲ್ಲಿ ಒಬ್ಬರೇ ಕಟ್ಟಬಹುದು, ಪಕ್ಕದ ರಾಜ್ಯದವರು ಎಂದೋ ಕಟ್ಟಿ ಮುಗಿಸಿದ್ದರು. ಕೊನೆಗೆ ಹಳೇ ಸೇವ್ ತೆರೆದು ನಲವತ್ತು ಟರ್ನ್ ಹಿಂದಕ್ಕೆ ಹೋದೆ. ನಲವತ್ತು! ಊಟಕ್ಕೆ ಕರೆದದ್ದೂ ಕೇಳಿಸಿರಲಿಲ್ಲ. ಕಳಲೆ ಪಲ್ಯ ಆರಿಹೋಗಿತ್ತು.

ಎರಡನೇ ಸಲ ಕ್ಯಾಂಪಸ್ ಬೇರೆ ಕಡೆ ಇಟ್ಟೆ, ಡ್ಯಾಂ ಸರಿಯಾಗಿ ಬಂತು. ಆ ಹೊತ್ತಿಗೆ ಅಜ್ಜಿ ಕಾಫಿ ಲೋಟ ಹಿಡಿದು ಹಿಂದೆ ನಿಂತಿದ್ದಳು.

"ಅದೆಂತ ಅಪ್ಪಿ, ಡ್ಯಾಂ?"

"ಹೌದು ಅಜ್ಜಿ."

"ನೀರು ಎಲ್ಲಿ ನಿಲ್ತದೆ?"

ಇಲ್ಲಿ ನೋಡಿ, ಪೂರ್ತಿ ಹತ್ತಿರ ಮಾಡಿದ್ದೇನೆ. ಗೋಡೆಯ ಹಿಂದೆ ಒಂದಿಷ್ಟು ನೀಲಿ. ಅದರ ಮೇಲಿನ ಟೈಲ್‌ನಲ್ಲಿ ಹೊಲ ಇದ್ದ ಹಾಗೇ ಇದೆ, ಬೇಲಿ ಕೂಡ. ಅಜ್ಜಿ ಲಿಂಗನಮಕ್ಕಿ ಮುಳುಗಡೆಯವಳು. 1964ರಲ್ಲಿ ಡ್ಯಾಂ ಆದಾಗ ಅವಳಿಗೆ ಹದಿಮೂರೋ ಹದಿನಾಲ್ಕೋ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಒಮ್ಮೆ ಕರೆದುಕೊಂಡು ಹೋಗಿ ತೋರಿಸಿದ್ದಳು. ಕೆಸರಲ್ಲಿ ಮನೆಯ ಪಾಯದ ಕಲ್ಲು ಸಾಲಾಗಿ ಕಾಣುತ್ತಿತ್ತು. ಒಂದು ಕಲ್ಲಿನ ಮೇಲೆ ಕೈ ಇಟ್ಟು ಇದು ಹಿತ್ತಿಲ ಬಾಗಿಲು ಅಂದಿದ್ದಳು. ಅವಳ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಇದು 6ರ ದೊಡ್ಡ ಕೊರತೆ ಅಂತ ನನ್ನ ಅಭಿಪ್ರಾಯ. ಮುಳುಗಿಸುವುದು ಈ ಆಟಕ್ಕೆ ಗೊತ್ತಿದೆ. ಕಲ್ಲಿದ್ದಲು ಜಾಸ್ತಿ ಉರಿಸಿದರೆ ಸಮುದ್ರ ಏರಿ ತಗ್ಗಿನ ಕರಾವಳಿ ಟೈಲ್ ನೀರಿನ ಪಾಲಾಗುತ್ತವೆ. ಅದೇ ಲೆಕ್ಕ ಡ್ಯಾಂಗೂ ಹಾಕಿದ್ದರೆ ಎಷ್ಟು ಒಳ್ಳೆಯದಿತ್ತು. ಎಲ್ಲಿ ಕಟ್ಟಲಿ, ಯಾರ ಹೊಲ ಬಿಡಲಿ ಅಂತ ಒಂದು ರಾತ್ರಿ ಯೋಚಿಸುವ ಹಾಗಾಗುತ್ತಿತ್ತು.

5ರಲ್ಲಿ ಡ್ಯಾಂ ಇಲ್ಲ, ನೆರೆಯೂ ಇಲ್ಲ, ಹಾಗಾಗಿ ಈ ಪ್ರಶ್ನೆಯೇ ಬರುವುದಿಲ್ಲ. ಅಲ್ಲಿಯ ಚಿಂತೆ ಬೇರೆ. ಇಡೀ ದೇಶಕ್ಕೆ ಒಂದೇ ಸಂತೋಷದ ಲೆಕ್ಕ. ಗಾಂಧೀಜಿ ಆದರೆ ಊರಿನ ಸಂಖ್ಯೆಯಿಂದ ಬರುವ ಬೇಸರ ಬೇರೆಯವರಿಗಿಂತ ದುಪ್ಪಟ್ಟು, ಜನಸಂಖ್ಯೆಯಿಂದ ಬರುವ ಬೇಸರ ಅರ್ಧ. ಮೂರ್ನಾಲ್ಕು ದೊಡ್ಡ ಊರು ಕಟ್ಟಿ ನೆಮ್ಮದಿಯಾಗಿ ಕೂರಬಹುದು. ದಣಿದು ಬಂದ ರಾತ್ರಿಗೆ ನನಗೆ ಇವತ್ತಿಗೂ 5 ಬೇಕು. ಮೊದಲು 6 ಬೇಡವೇ ಬೇಡ ಅನ್ನುತ್ತಿದ್ದೆ, ಅದನ್ನು ವಾಪಸ್ ತೆಗೆದುಕೊಂಡೆ. ಮಳೆ ಹಿಡಿದ ಇಂಥ ದಿನಕ್ಕೆ 6.

ಕರೆಂಟ್ ಹೋಯಿತು. ಯುಪಿಎಸ್ ಕೂಗುತ್ತಿದೆ, ಹತ್ತು ನಿಮಿಷ ಸಿಗಬಹುದು. ಬೇಗ ತೋರಿಸಿಬಿಡುತ್ತೇನೆ. ಇನ್ನು ಮೇಲೆ ಡ್ಯಾಂ ಕಟ್ಟಿದರೆ ಅದರ ಮೇಲಿನ ಎರಡು ಟೈಲ್ ಖಾಲಿ ಬಿಡುವುದು, ಇದು ನಾನೇ ಹಾಕಿಕೊಂಡ ನಿಯಮ. ಇಗೋ, ಬಿಲ್ಡರ್ ಅಲ್ಲಿಗೆ ಹೋದ. ಮೊದಲ ಹೊಲ ತೆಗೆಸಿದೆ. ಎರಡನೆಯದೂ ಆಯಿತು. ಊರಿನ ಆಹಾರ ಎಷ್ಟಕ್ಕೆ ಇಳಿಯಿತು, ಮೇಲೆ ನೋಡಿ. ಸೇವ್ ಮಾಡುತ್ತಿದ್ದೇನೆ.