ಮೊದಲು ಹುಂಜದ ಜುಟ್ಟು ನೋಡಿ

ಕೇಳುಗರಿಗೆ ನಮಸ್ಕಾರ. ಕಾಕ್‌ಟೇಲ್ ಕುಡಿಯುವವರಿಗಿಂತ ಅದರ ಹಳೇ ಸಾಮಾನು ಕೂಡಿಡುವವರ ಹುಚ್ಚೇ ಜಾಸ್ತಿ. ನಾನು ಈ ಎರಡನೇ ಗುಂಪಿನವನು. ಇವತ್ತು ಅಂಥ ಒಂದೇ ಒಂದು ವಸ್ತುವಿನ ಬಗ್ಗೆ ಹೇಳುತ್ತೇನೆ: ಬೆಳ್ಳಿಯ ಕಾಕ್‌ಟೇಲ್ ಕಡ್ಡಿ. ಲೋಟದೊಳಗಿನ ಚೆರ್ರಿಯನ್ನೋ ಆಲಿವನ್ನೋ ಚುಚ್ಚಿ ತೆಗೆಯುವ ಪುಟ್ಟ ಕಡ್ಡಿ, ತುದಿಯಲ್ಲಿ ಎನಾಮೆಲ್ ಬಣ್ಣದ ಹುಂಜ. ಕಾಕ್‌ಟೇಲ್ ಅಂದರೆ ಪದಶಃ ಹುಂಜದ ಬಾಲ ತಾನೇ!

ಇವು ಹೆಚ್ಚಾಗಿ 1920–30ರ ದಶಕಗಳವು. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧವಿತ್ತು. ಅಲ್ಲಿ ಬಾರ್ ಮುಚ್ಚಿದ ಮೇಲೆ ಬಾರ್ಟೆಂಡರ್ ಹ್ಯಾರಿ ಕ್ರ್ಯಾಡಕ್‌ನಂಥವರು ಲಂಡನ್ನಿಗೆ ಬಂದು ಸವಾಯ್ ಹೋಟೆಲಿನಲ್ಲಿ ಗಿರಾಕಿಗಳ ಲೋಟ ತುಂಬಿಸಿದರು. ಲಂಡನ್ನಿನಲ್ಲಿ ಕಾಕ್‌ಟೇಲ್ ಪಾರ್ಟಿಗಳ ಭರಾಟೆ ಶುರುವಾಯಿತು. ಬರ್ಮಿಂಗ್‌ಹ್ಯಾಮ್‌ನ ಬೆಳ್ಳಿ ಕೆಲಸದವರಿಗೂ ಕೆಲಸ ಸಿಕ್ಕಿತು.

ಎನಾಮೆಲ್ ಎಂದರೆ ಪೇಂಟ್ ಅಲ್ಲ, ಗಾಜು. ಗಾಜಿನ ಪುಡಿಯನ್ನು ಬೆಳ್ಳಿಯ ಮೇಲೆ ಹರಡಿ, ಸುಮಾರು 800 ಡಿಗ್ರಿ ಶಾಖದ ಕುಲುಮೆಯಲ್ಲಿ ಕರಗಿಸುತ್ತಾರೆ. ಸ್ಟರ್ಲಿಂಗ್ ಬೆಳ್ಳಿ, ಅಂದರೆ ಸಾವಿರಕ್ಕೆ 925 ಪಾಲು ಬೆಳ್ಳಿಯಿರುವ ಲೋಹ, ಪೂರ್ತಿ ಕರಗುವುದು 900ರ ಹತ್ತಿರ. ಅಂದರೆ ಕೊಂಚ ಹೆಚ್ಚುಕಮ್ಮಿಯಾದರೂ ಹುಂಜ ಹೋಯಿತು! ಜೈಪುರದ ಮೀನಾಕಾರಿಯೂ ಇದೇ ವಿದ್ಯೆ. ನಾರ್ವೆಯವರೂ ಇದರಲ್ಲಿ ಪಳಗಿದವರು. ಓಸ್ಲೋದ ಡೇವಿಡ್-ಆಂಡರ್ಸನ್ ಕಂಪನಿಯ ಸಾಮಾನು ಸಿಕ್ಕರೆ ಬೆಳಕಿಗೆ ಹಿಡಿದು ನೋಡಿ. ಬೆಳ್ಳಿಯ ಮೇಲೆ ಯಂತ್ರದಿಂದ ಗೀರಿದ ಅಲೆಗಳು ತೆಳು ಎನಾಮೆಲ್ಲಿನ ಅಡಿಯಲ್ಲಿ ಹೊಳೆಯುತ್ತವೆ.

ಕೊಳ್ಳುವಾಗ ಹತ್ತು ಪಟ್ಟಿನ ಭೂತಗನ್ನಡಿ ಇರಲಿ. ಕಡ್ಡಿ ಬಾಗಿದ್ದರೆ ನೆಟ್ಟಗೆ ಮಾಡಿಸಬಹುದು. ಎನಾಮೆಲ್ ಚಕ್ಕೆ ಎದ್ದಿದ್ದರೆ ಕಷ್ಟ. ಮತ್ತೆ ಕುಲುಮೆಗೆ ಹಾಕಿದರೆ ಬೆಸುಗೆಯೇ ಬಿಟ್ಟುಕೊಳ್ಳಬಹುದು. ಅದಕ್ಕೇ ಮೊದಲು ಜುಟ್ಟು, ಆಮೇಲೆ ಕೊಕ್ಕು, ಆಮೇಲೆ ಬಾಲದ ಅಂಚು ನೋಡುತ್ತೇನೆ. ಪೆಟ್ಟು ಬೀಳುವುದು ಅಲ್ಲೇ. ಬಣ್ಣ ಒಂದು ಕಡೆ ಮಂಕಾಗಿ, ಪ್ಲಾಸ್ಟಿಕ್ಕಿನ ಹಾಗೆ ಕಂಡರೆ ರಾಳ ತುಂಬಿ ಮುಚ್ಚಿರಬಹುದು. ಮಾರುವವರು ಅದನ್ನು ತಾವಾಗಿ ಹೇಳುವುದು ಅಪರೂಪ. ನೀವೇ ಕೇಳಬೇಕು.

ಬೆಳ್ಳಿಯ ಮೇಲೆ ಒತ್ತಿದ ಪುಟ್ಟ ಮುದ್ರೆಗಳನ್ನೂ ಓದಿ. ನಡೆಯುವ ಸಿಂಹವಿದ್ದರೆ ಇಂಗ್ಲೆಂಡಿನ ಸ್ಟರ್ಲಿಂಗ್. ಇಂಗ್ಲಿಷ್ ಅಕ್ಷರವೊಂದು ವರ್ಷ ಹೇಳುತ್ತದೆ. ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮ್. ಆ ಊರಿಗೆ ಸಮುದ್ರವೇ ಇಲ್ಲ, ಲಂಗರು ಎಲ್ಲಿಂದ ಬಂತು ಅಂತೀರಾ? 1773ರಲ್ಲಿ ಬರ್ಮಿಂಗ್‌ಹ್ಯಾಮ್, ಶೆಫೀಲ್ಡ್ ಎರಡೂ ಊರುಗಳಿಗೆ ಬೆಳ್ಳಿಯನ್ನು ಪರೀಕ್ಷಿಸಿ ಮುದ್ರೆ ಒತ್ತುವ ಕಚೇರಿ ಸಿಕ್ಕಿತು. ಅದಕ್ಕಾಗಿ ಓಡಾಡಿದವರು ಲಂಡನ್ನಿನಲ್ಲಿ ಸೇರುತ್ತಿದ್ದ ಹೆಂಡದಂಗಡಿಯ ಹೆಸರು ‘ಕಿರೀಟ ಮತ್ತು ಲಂಗರು’. ಕಿರೀಟ ಶೆಫೀಲ್ಡಿಗೆ, ಲಂಗರು ಬರ್ಮಿಂಗ್‌ಹ್ಯಾಮ್‌ಗೆ ಹೋಯಿತು ಎನ್ನುತ್ತಾರೆ. ಕಾಕ್‌ಟೇಲ್ ಕಡ್ಡಿಗೆ ಇದಕ್ಕಿಂತ ಒಪ್ಪುವ ಮುದ್ರೆ ಇನ್ನೊಂದಿಲ್ಲ, ಅಲ್ವಾ? ಇ.ಪಿ.ಎನ್.ಎಸ್. ಎಂದಿದ್ದರೆ ಮಾತ್ರ ಅದು ಬೆಳ್ಳಿಯ ಲೇಪ ಅಷ್ಟೇ. ಬೆಳ್ಳಿಯ ಬೆಲೆ ಕೊಡಬೇಡಿ.

ಮನೆಗೆ ತಂದ ಮೇಲೆ, ದೇವರ ದೀಪ ತಿಕ್ಕಿದ ಹಾಗೆ ವಿಭೂತಿ ಹಾಕಿ ತಿಕ್ಕಬೇಡಿ. ಬಿಸಿನೀರೂ ಬೇಡ, ಗಾಜು ಬಿರುಕು ಬಿಟ್ಟೀತು. ಉಗುರುಬೆಚ್ಚಗಿನ ನೀರು, ಒಂದು ಹನಿ ಸೋಪು, ಮೆತ್ತನೆ ಬಟ್ಟೆ ಸಾಕು. ಹಳೇ ಡಬ್ಬಿ ಜೊತೆಗೇ ಸಿಕ್ಕರೆ ಬಿಡಬೇಡಿ, ಸೆಟ್ಟಿನ ಬೆಲೆ ಏರುತ್ತದೆ. ಆದರೆ ಮುಚ್ಚಳದೊಳಗಿನ ರೇಷ್ಮೆಯ ಮೇಲೆ ದೊಡ್ಡ ಹೆಸರು ಕಂಡಿತೆಂದು ಮೋಸಹೋಗಬೇಡಿ. ಅದು ಎಷ್ಟೋ ಸಲ ಮಾರಿದ ಅಂಗಡಿಯ ಹೆಸರು. ಮಾಡಿದವರ ಗುರುತನ್ನು ಕಡ್ಡಿಯ ಮೇಲೇ ಹುಡುಕಿ.